ಬೋರ್ಡು ಎಷ್ಟು ಬೇಕು?

ದಾವಣಗೆರೆಯ ಒಂದು ಸ್ಟುಡಿಯೋ. ಅಪ್ಪ ಕಟ್ಟಿದ್ದನ್ನು ಈಗ ಮಗಳು ನಡೆಸುತ್ತಾಳೆ. ಪಾಸ್‌ಪೋರ್ಟ್ ಸೈಜಿನಿಂದ ಶುರುವಾದ ಕೆಲಸ ಮದುವೆಗೆ ಹಬ್ಬಿ, ಈಚೆಗೆ ಹಸುಗೂಸುಗಳ ಫೋಟೋ, ಅಂಗಡಿ ಸರಕಿನ ಫೋಟೋ ಎಂದು ಇನ್ನೆರಡು ಕವಲೊಡೆದಿದೆ. ಅವಳ ಎದುರಿಗೆ ಕೂತವರು ಆ ಸ್ಟುಡಿಯೋದ ಮೊದಲ ಬೋರ್ಡನ್ನು ಕುಂಚ ಹಿಡಿದು ಬರೆದವರು. ಫ್ಲೆಕ್ಸ್ ಬಂದ ಮೇಲೆ ಕಂಪ್ಯೂಟರ್ ಕಲಿತು ಲೋಗೋ, ಲೇಬಲ್ ಮಾಡಿಕೊಂಡಿರುವವರು. ಅಪ್ಪನ ಗೆಳೆಯರಾದ್ದರಿಂದ ಅವಳಿಗೆ ಕಾಕಾ. ಮಾತು ದುಡ್ಡಿನಿಂದಲೇ ಶುರುವಾಯಿತು.

ಅವಳು: ಮೂರು ಲೋಗೋಗೆ ಎಷ್ಟಾಗುತ್ತೆ ಕಾಕಾ?

ಅವರು: ಒಂದಕ್ಕೆ ಎಷ್ಟೋ ಅದರ ಮೂರು ಪಟ್ಟು. ಅದೇನು ದೊಡ್ಡ ಖರ್ಚಲ್ಲ ಬಿಡು. ಮೂರು ಯಾಕೆ ಅಂತ ಹೇಳು ಮೊದಲು.

ಅವಳು: ನಮ್ಮ ಇನ್‌ಸ್ಟಾಗ್ರಾಂ ಪೇಜ್ ನೋಡಿ. ಮೇಲೆ ಧಾರೆ ಎರೆಯೋ ಫೋಟೋ, ಪಕ್ಕದಲ್ಲಿ ಹನ್ನೆರಡು ದಿನದ ಕೂಸು, ಅದರ ಕೆಳಗೆ ಪ್ರೆಷರ್ ಕುಕ್ಕರ್. ಮೊನ್ನೆ ಒಬ್ಬರು ಫೋನ್ ಮಾಡಿ, ಐದು ಲೀಟರಿನ ಕುಕ್ಕರ್ ಇದೆಯಾ ಅಂತ ಕೇಳಿದರು.

ಅವರು: ಇದ್ದಿದ್ದರೆ ಮಾರಬಹುದಿತ್ತು.

ಅವಳು: ನಗಬೇಡಿ. ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬಣ್ಣ, ಬೇರೆ ಪೇಜ್. ಯಾರು ಯಾವುದಕ್ಕೆ ಬಂದರೋ ಅದನ್ನಷ್ಟೇ ನೋಡಲಿ. ಒಬ್ಬರ ಕಣ್ಣಿಗೆ ಇನ್ನೊಬ್ಬರದ್ದು ಬೀಳಲೇಬಾರದು.

ಅವರು: ಪೇಜ್ ಬೇರೆ ಮಾಡೋದಕ್ಕೂ ಹೆಸರು ಬೇರೆ ಮಾಡೋದಕ್ಕೂ ಬಹಳ ವ್ಯತ್ಯಾಸ ಇದೆ ತಂಗಿ. ಬೇರೆ ಹೆಸರು ಅಂದ್ರೆ ಬೇರೆ ಒಲೆ ಹೂಡಿದ ಹಾಗೆ. ಸೌದೆ ಎರಡಕ್ಕೂ ಹಾಕ್ತಾನೇ ಇರಬೇಕು. ಈಗ ಗೂಗಲ್‌ನಲ್ಲಿ ನಿಮ್ಮ ಸ್ಟುಡಿಯೋ ಹುಡುಕಿದರೆ ಜನ ಬರೆದ ರಿವ್ಯೂ ಎಷ್ಟೊಂದಿವೆ. ಹೊಸ ಹೆಸರಿಗೆ ಒಂದೂ ಇರಲ್ಲ. ಅದೇ ವಿಳಾಸದ ಒಂದೇ ವ್ಯಾಪಾರಕ್ಕೆ ಮೂರು ಹೆಸರಿನ ಪುಟ ಹಾಕೋದನ್ನ ಗೂಗಲ್ ಸುಮ್ಮನೆ ಬಿಡೋದೂ ಇಲ್ಲ. ಇನ್ನು ಫೋನು. ಫೋನ್ ಎತ್ತಿದಾಗ ನಿಮ್ಮ ಹುಡುಗ ಯಾವ ಹೆಸರು ಹೇಳ್ತಾನೆ?

ಅವಳು: ಹಲೋ ಅಂತಾನೆ. ಹೆಸರು ಈಗಲೂ ಹೇಳಲ್ಲ.

ಅವರು: ಅದನ್ನ ಮೊದಲು ಸರಿಮಾಡು. ಅದಕ್ಕೆ ನನ್ನ ಬಿಲ್ ಇಲ್ಲ.

ಅವಳು: ದೊಡ್ಡ ಕಂಪನಿಗಳೆಲ್ಲ ಮಾಡೋದು ಹಾಗೇ ಅಲ್ವಾ? ಟೈಟನ್‌ನವರು ಕಾಲೇಜು ಹುಡುಗರಿಗೆ ಅಂತ ಫಾಸ್ಟ್‌ಟ್ರ್ಯಾಕ್ ಮಾಡಿದ್ರು, ಒಡವೆಗೆ ತನಿಷ್ಕ್ ಅಂತ ಇಟ್ಟರು. ವಾಚಿನ ಹೆಸರಲ್ಲೇ ಮಾಂಗಲ್ಯ ಮಾರಲಿಲ್ಲ.

ಅವರು: ಸರಿಯಾಗಿ ಹೇಳಿದೆ. ಆದರೆ ಫಾಸ್ಟ್‌ಟ್ರ್ಯಾಕ್ ಬಂದದ್ದು 1998ರಲ್ಲಿ, ಪೂರ್ತಿ ಸ್ವತಂತ್ರ ಬ್ರ್ಯಾಂಡ್ ಆದದ್ದು 2005ರಲ್ಲಿ. ಅಷ್ಟು ದುಡ್ಡಿದ್ದ ಕಂಪನಿಯೇ ಅದನ್ನ ಏಳು ವರ್ಷ ಟೈಟನ್ ಹೆಸರಿನ ನೆರಳಲ್ಲಿ ಇಟ್ಟಿತ್ತು. ಇನ್ನೊಂದು ಕಡೆ ನಮ್ಮ ನಂದಿನಿ ನೋಡು. ಹಾಲು, ಮೊಸರು, ತುಪ್ಪ, ಪೇಡ, ಎಲ್ಲದಕ್ಕೂ ಅದೇ ಹೆಸರು. ಹಾಲಿನಲ್ಲೇ ಬೇರೆ ಬೇರೆ ಬಗೆ ಇವೆ, ಆದರೆ ಯಾರೂ ಬಗೆಯ ಹೆಸರು ಹೇಳಲ್ಲ. ನೀಲಿ ಪ್ಯಾಕೆಟ್ ಕೊಡಿ, ಕಿತ್ತಳೆ ಪ್ಯಾಕೆಟ್ ಕೊಡಿ ಅಂತಾರೆ. ಹೆಸರು ಒಂದೇ ಇಟ್ಟುಕೊಂಡು ಬಣ್ಣದಲ್ಲೇ ಬೇರೆ ಮಾಡಿದ್ದಾರೆ. ಬೇರೆ ಮಾಡೋ ದಾರಿ ಹೆಸರೊಂದೇ ಅಲ್ಲ.

ಅವಳು: ಹಾಲು ಮೊಸರು ಕೊಳ್ಳೋದು ಒಂದೇ ಮನೆಯವರು. ನನ್ನ ಹತ್ತಿರ ಹಾಗಲ್ಲ.

ಅವರು: ನೋಡು, ನೀನೇ ಹೇಳಿಬಿಟ್ಟೆ. ಕೊಳ್ಳೋರು ಯಾರು, ಅವರಿಗೆ ಯಾವುದರ ಭಯ, ಅದೇ ಕೇಳಬೇಕಾದ್ದು. ಭಯ ಬೇರೆಯಾದ ಕಡೆ ಬೇರೆ ಹೆಸರು. ಭಯ ಒಂದೇ ಆಗಿದ್ದರೆ, ಕ್ಯಾಮೆರಾ ಬೇರೆ, ಲೆನ್ಸ್ ಬೇರೆ, ರೇಟ್ ಬೇರೆ ಅಂತೆಲ್ಲ ಬೇರೆ ಹೆಸರು ಇಡೋದು ವ್ಯರ್ಥ. ಈಗ ಕೂಸಿನ ವಿಷಯ ಹೇಳು. ಅಲ್ಲಿ ಕೊಳ್ಳೋರು ಯಾರು?

ಅವಳು: ಬುಕ್ ಮಾಡೋದು ಮಗಳು, ಬೆಂಗಳೂರಲ್ಲಿ ಕೆಲಸ ಮಾಡಿಕೊಂಡು ಬಾಣಂತನಕ್ಕೆ ತವರಿಗೆ ಬಂದಿರೋಳು. ಒಪ್ಪಬೇಕಾದೋರು ಅವಳ ಅಮ್ಮ, ಅಜ್ಜಿ. ಚಿತ್ರಗಳಲ್ಲಿ ನೋಡ್ತೀವಲ್ಲ, ಬುಟ್ಟಿಯೊಳಗೆ ಮುದುರಿ ಮಲಗಿದ ಕೂಸು, ಅದನ್ನ ಮೊದಲ ಎರಡು ವಾರದೊಳಗೇ ತೆಗೀಬೇಕು. ಆಮೇಲೆ ಕೂಸು ಕೈಕಾಲು ಚಾಚುತ್ತೆ, ಅಷ್ಟು ಗಾಢ ನಿದ್ದೆಯೂ ಮಾಡಲ್ಲ. ನಮ್ಮಲ್ಲಿ ಆ ಎರಡು ವಾರವೇ ಸೂತಕ, ಪಥ್ಯ, ಕಿವಿಗೆ ಹತ್ತಿ. ಬಾಣಂತಿ ಹೊಸ್ತಿಲು ದಾಟಲ್ಲ. ಅದಕ್ಕೇ ನಾನೇ ಮನೆಗೆ ಹೋಗ್ತೀನಿ. ಲೈಟು, ಬುಟ್ಟಿ, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ, ಎಲ್ಲ ಹೊತ್ತುಕೊಂಡು. ಅಂಗಡಿಯ ಹುಡುಗರನ್ನ ಕರ್ಕೊಂಡು ಹೋಗಲ್ಲ. ಸೆಂಟ್ ಹಾಕ್ಕೊಳಲ್ಲ. ಅಜ್ಜಿ ಮೊದಲು ನನ್ನ ಕೈ ನೋಡ್ತಾರೆ, ತೊಳೆದಿದ್ದೀನಾ ಅಂತ.

ಅವರು: ಗಲ್ಲಕ್ಕೆ ಕೈ ಕೊಟ್ಟು ಯೋಚನೆ ಮಾಡೋ ಹಾಗೆ ಕೂಸನ್ನ ಕೂರಿಸ್ತಾರಲ್ಲ, ಅದೂ ಮಾಡ್ತೀಯಾ?

ಅವಳು: ಅದು ಒಂದು ಫೋಟೋ ಅಲ್ಲ ಕಾಕಾ. ಒಂದರಲ್ಲಿ ತಲೆ ಹಿಡಿದಿರ್ತಾರೆ, ಇನ್ನೊಂದರಲ್ಲಿ ಕೈ ಹಿಡಿದಿರ್ತಾರೆ. ಆಮೇಲೆ ಎರಡನ್ನೂ ಕೂಡಿಸಿ, ಹಿಡಿದ ಕೈಗಳನ್ನ ಅಳಿಸ್ತೀವಿ. ಕೂಸನ್ನ ಒಂದು ಕ್ಷಣವೂ ಹಾಗೆ ಬಿಡೋ ಹಾಗಿಲ್ಲ. ಗೊತ್ತಿಲ್ಲದೋರು ನಿಜವಾಗಿಯೇ ಕೂರಿಸೋಕೆ ಹೋಗ್ತಾರೆ, ಅದು ಅಪಾಯ.

ಅವರು: ಇದನ್ನೇ ಮೊದಲು ಹೇಳಬೇಕಿತ್ತು! ನಿನ್ನ ಗುರುತು ಇದು. ಗುಲಾಬಿ ಬಣ್ಣದ ಲೋಗೋ, ಪುಟ್ಟ ಪಾದದ ಚಿತ್ರ, ಅವೆಲ್ಲ ಎಲ್ಲರ ಹತ್ತಿರವೂ ಇವೆ. ಕೈ ತೊಳೆದು ಬರೋಳು, ಗಂಡಸರನ್ನ ಕರ್ಕೊಂಡು ಬರಲ್ಲ, ಕೂಸಿನ ತಲೆ ಬಿಡಲ್ಲ. ಇದನ್ನ ಒಂದು ಚೀಟಿಯಲ್ಲಿ ಬರೆದು ಬುಕ್ಕಿಂಗ್ ಆದ ಕೂಡಲೇ ಕಳಿಸು. ಫೋಟೋ ತೆಗೆಯೋ ಹೊತ್ತಲ್ಲಿ ಅಮ್ಮಂದಿರು ಕೋಣೆಯಲ್ಲೇ ಇರಲಿ ಅಂತಲೂ ಬರಿ. ನಾನು ಆಮೇಲೆ ಮಾಡೋ ಅಕ್ಷರ, ಬಣ್ಣ ಎಲ್ಲ ಈ ಚೀಟಿಯಿಂದ ಹುಟ್ಟಬೇಕು.

ಅವಳು: ಹಾಗಾದರೆ ಬೇರೆ ಹೆಸರು ಬೇಕು ಅಂತ ಒಪ್ಪಿದ್ರಿ. ನನ್ನ ಹತ್ತಿರ ಇತಿಹಾಸದ ಸಾಕ್ಷಿಯೂ ಇದೆ. ರಾಜಾ ದೀನ್ ದಯಾಳ್ ಗೊತ್ತಲ್ಲ, ನಿಜಾಮರ ಫೋಟೋಗ್ರಾಫರ್. ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ಚೆನ್ನಾಗಿಯೇ ನಡೀತಿತ್ತು. ಆದರೆ ಪರದೆಯೊಳಗಿನ ಹೆಂಗಸರು ಅಲ್ಲಿಗೆ ಬರೋ ಹಾಗಿರಲಿಲ್ಲ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಬರೀ ಹೆಂಗಸರಿಗೆ ಅಂತ ಜನಾನಾ ಸ್ಟುಡಿಯೋ ತೆರೆದ್ರು. ಎತ್ತರದ ಗೋಡೆ, ಗಂಡಸರಿಗೆ ಒಳಗೆ ಪ್ರವೇಶ ಇಲ್ಲ, ನೋಡಿಕೊಳ್ಳೋಕೆ ಕೆನ್ನಿ-ಲೆವಿಕ್ ಅನ್ನೋ ಇಂಗ್ಲಿಷ್ ಹೆಂಗಸು. ನನ್ನ ಲೆಕ್ಕವೂ ಅದೇ ಅಲ್ವಾ?

ಅವರು: ಜನಾನಾ ಸ್ಟುಡಿಯೋ ಯಾರದ್ದು ಅಂತ ಜನ ಹೇಳ್ತಿದ್ದರು?

ಅವಳು: ದೀನ್ ದಯಾಳರದ್ದೇ.

ಅವರು: ಜಾಗ ಬೇರೆ, ನಡೆಸೋರು ಬೇರೆ, ರೀತಿ ನೀತಿ ಬೇರೆ. ಭರವಸೆ ಮಾತ್ರ ಹಳೇ ಹೆಸರಿನದ್ದು. ನವಾಬರ ಮನೆಯವರು ಹೆಣ್ಣುಮಕ್ಕಳನ್ನ ಅಲ್ಲಿಗೆ ಕಳಿಸಿದ್ದು ಆ ಹೆಸರು ಮೊದಲೇ ಗೊತ್ತಿದ್ದಕ್ಕೆ. ನಿನ್ನ ಕೂಸಿನ ಕೆಲಸಕ್ಕೂ ಹಾಗೇ ಮಾಡೋಣ. ಮೇಲೆ ಹೊಸ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಅಪ್ಪನ ಸ್ಟುಡಿಯೋ ಹೆಸರು. ‘ಮಿಯಾ ಬೈ ತನಿಷ್ಕ್’ ಅಂತ ಹಾಕ್ತಾರಲ್ಲ, ಹಾಗೆ. ಅಜ್ಜಿಗೆ ಹೊಸ ಹೆಸರು ಬೇಡ. ಅವರ ಮದುವೆ ಫೋಟೋ ತೆಗೆದದ್ದು ನಿಮ್ಮಪ್ಪನೇ ಇರಬಹುದು.

ಅವಳು: ಇನ್ನೊಂದು ತೊಡಕು. ಎಷ್ಟೋ ಮನೆಯವರು ಕೂಸಿನ ಫೋಟೋ ಹೊರಗೆ ತೋರಿಸಬೇಡಿ ಅಂತಾರೆ. ದೃಷ್ಟಿಯಾಗುತ್ತೆ ಅಂತ. ಪೇಜಿಗೆ ಏನು ಹಾಕೋದು?

ಅವರು: ಹಾಕಬೇಡ. ಕಾನೂನೂ ಅವರ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದೋರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಫೋಟೋ ತೆಗೆದೋರಿಗೆ ಹಕ್ಕು ಅಂತ ಎಲ್ಲ ಸ್ಟುಡಿಯೋದವರೂ ತಿಳಿದಿದ್ದಾರೆ, ಹಾಗಿಲ್ಲ. ಬುಕ್ಕಿಂಗ್ ಫಾರಂನಲ್ಲೇ ಕೇಳು: ತೋರಿಸಬಹುದಾ, ಬೇಡವಾ, ಮುಖ ಬಿಟ್ಟು ಬರೀ ಕೈಕಾಲಾದರೆ ಪರವಾಗಿಲ್ಲವಾ? ಪೇಜಿನಲ್ಲಿ ಮುಷ್ಟಿ, ಪಾದ, ಅಜ್ಜಿಯ ಬಳೆ ಕೈಯಲ್ಲಿ ಕೂಸಿನ ಬೆನ್ನು, ಇಷ್ಟೇ ಕಂಡರೂ ಸಾಕು. ಮುಖ ತೋರಿಸದ ಪೇಜ್ ಅಂದ್ರೆ ಈ ಹುಡುಗಿ ಮಾತು ಉಳಿಸಿಕೊಳ್ತಾಳೆ ಅಂತ ತಾನೇ ಗೊತ್ತಾಗುತ್ತೆ.

(ಒಂದು ಮಾತು ನನ್ನದು. ನಮ್ಮ ಊರುಗಳ ಸ್ಟುಡಿಯೋ ಬೋರ್ಡುಗಳಲ್ಲಿ ‘ಡಿಜಿಟಲ್’ ಅನ್ನುವುದು ಇನ್ನೂ ದಪ್ಪಕ್ಷರದಲ್ಲಿ ಕೂತಿದೆ. ರೀಲು ಹಾಕುವವರೇ ಇಲ್ಲದ ಕಾಲದಲ್ಲಿ ಅದು ಯಾರಿಂದ ಯಾರನ್ನು ಬೇರೆ ಮಾಡುತ್ತದೋ. ಎಲ್ಲರೂ ಹಾಕಿಕೊಂಡ ವಿಶೇಷಣ ಯಾರನ್ನೂ ವಿಶೇಷ ಮಾಡುವುದಿಲ್ಲ. ಈಗ ಆ ಜಾಗಕ್ಕೆ ‘ಕ್ಯಾಂಡಿಡ್’ ಬಂದು ಕೂತಿದೆ.)

ಅವಳು: ಮದುವೆ ಕಡೆಗೆ ಬನ್ನಿ. ಅಲ್ಲಿ ಅಪ್ಪನ ಹೆಸರು ಬಿಟ್ಟು ನನ್ನ ಹೆಸರನ್ನೇ ಇಡೋಣ ಅಂತಿದ್ದೀನಿ. ಬೆಂಗಳೂರಲ್ಲಿ ಎಲ್ಲರೂ ಇಂಥವರ ಫೋಟೋಗ್ರಫಿ ಅಂತ ಸ್ವಂತ ಹೆಸರಲ್ಲೇ ಮಾಡ್ತಾರೆ.

ಅವರು: ಒಳ್ಳೇ ಮುಹೂರ್ತದ ದಿನ ಎಷ್ಟು ಮದುವೆ ಹಿಡೀತೀಯಾ?

ಅವಳು: ಎರಡು. ಕೆಲವು ಸಲ ಮೂರು. ಟೀಮ್ ಕಳಿಸ್ತೀನಿ.

ಅವರು: ನಿನ್ನ ಹೆಸರಿನ ಬ್ರ್ಯಾಂಡ್ ಬುಕ್ ಮಾಡಿದ ಮನೆಯವರು ಮಂಟಪದಲ್ಲಿ ಏನು ಕೇಳ್ತಾರೆ? ಮೇಡಂ ಎಲ್ಲಿ ಅಂತ. ನೀನು ಹರಿಹರದ ಮದುವೆಯಲ್ಲಿ ಇರ್ತೀಯ. ಎಷ್ಟೇ ಚೆನ್ನಾಗಿ ತೆಗೆದರೂ ನಿಮ್ಮ ಹುಡುಗ ಎರಡನೇ ದರ್ಜೆಯವನಾದ. ಒಬ್ಬಳೇ ಮಾಡೋ ಕೆಲಸಕ್ಕೆ ಸ್ವಂತ ಹೆಸರು ಚೆಂದ. ಬೆಳೆಯೋ ಕೆಲಸಕ್ಕೆ ಅದೇ ಹಗ್ಗ ಆಗುತ್ತೆ. ಕೋಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ ನೋಡು. ಇಬ್ಬರು ಇಂಗ್ಲಿಷ್ ಫೋಟೋಗ್ರಾಫರುಗಳ ಹೆಸರು. ಬೋರ್ನ್ 1870ರ ಸುಮಾರಿಗೇ ಊರಿಗೆ ವಾಪಸ್ ಹೋದ. ಆಮೇಲೆ ಶೆಫರ್ಡ್ ಹೋದ. ಸ್ಟುಡಿಯೋ ಕೈಯಿಂದ ಕೈಗೆ ದಾಟಿ ಭಾರತೀಯರ ಕೈಗೂ ಬಂತು, ಮುಚ್ಚಿದ್ದು 2016ರಲ್ಲಿ.

ಅವಳು: ಸ್ವಂತ ಹೆಸರೂ ಉಳೀತು ಅಂತ ಆಯ್ತಲ್ಲ! ನಿಮ್ಮ ಉದಾಹರಣೆ ನನ್ನ ಕಡೆಗೇ ಇದೆ.

ಅವರು: ಹೌದಲ್ಲ. ಆದರೆ ಅದು ಉಳಿದದ್ದು ಬೋರ್ನ್ ಬರ್ತಾನೆ ಅಂತ ಯಾರೂ ಕಾಯದೆ ಇದ್ದದ್ದಕ್ಕೆ. ಮಾಡೋ ರೀತಿ ಹೆಸರಿಗೆ ಅಂಟಿಕೊಂಡಿತ್ತು, ಆಳಿಗಲ್ಲ. ನಿನ್ನ ಟೀಮಿಗೆ ಅಂಥ ಒಂದು ರೀತಿ ಇದೆಯಾ? ಯಾರೇ ಹೋದರೂ ಇದು ಇವರದ್ದೇ ಅಂತ ಆಲ್ಬಂ ನೋಡಿದ ಕೂಡಲೇ ಗೊತ್ತಾಗಬೇಕು.

ಅವಳು: ಬಣ್ಣದಲ್ಲಿ ಮಾಡೋಣ ಅಂತ ಒಂದು ಪ್ರಿಸೆಟ್ ಕೊಂಡಿದ್ದೆ. ಕಂದು ಛಾಯೆ, ಮಬ್ಬು ಹಸಿರು. ಈಗ ಎಲ್ಲರೂ ಅದನ್ನೇ ಇಷ್ಟಪಡ್ತಾರೆ.

ಅವರು: ಅದರಲ್ಲಿ ಅರಿಶಿನ ಯಾವ ಬಣ್ಣಕ್ಕೆ ಬರುತ್ತೆ?

ಅವಳು: ಸಾಸಿವೆ ಬಣ್ಣಕ್ಕೆ.

ಅವರು: ಕುಂಕುಮ ಇಟ್ಟಿಗೆ ಬಣ್ಣಕ್ಕೆ, ಮಾವಿನ ತೋರಣ ಒಣಗಿದ ಸೊಪ್ಪಿನ ಹಾಗೆ. ಆ ಪ್ರಿಸೆಟ್ ಮಾಡಿದೋರು ಬಿಳಿ ಗೌನು, ಮೋಡದ ಬೆಳಕು, ಚರ್ಚಿನ ಹುಲ್ಲುಹಾಸು ನೋಡಿ ಮಾಡಿದ್ದು. ನಮ್ಮ ಕಲ್ಯಾಣಮಂಟಪದಲ್ಲಿ ಹಳದಿ ಬಲ್ಬು, ನೀಲಿ ಎಲ್‌ಇಡಿ, ವಿಡಿಯೋದವರ ಬಿಳಿ ಲೈಟು, ಮೂರೂ ಒಟ್ಟಿಗೆ ವಧುವಿನ ಮುಖದ ಮೇಲೆ ಬೀಳ್ತವೆ. ಆ ಗೊಂದಲದಲ್ಲೂ ಅರಿಶಿನ ಅರಿಶಿನವಾಗಿ, ಧಾರೆ ಸೀರೆಯ ಕೆಂಪು ಕೆಂಪಾಗಿಯೇ ಬರೋ ಹಾಗೆ ನಿನ್ನ ಹುಡುಗರೆಲ್ಲ ಕಲಿತರೆ, ಊರಲ್ಲಿ ನಿನ್ನ ಆಲ್ಬಂ ಬೇರೆಯೇ ಕಾಣುತ್ತೆ. ಬೆಲೆ ಕೊಟ್ಟು ತಂದ ಪ್ರಿಸೆಟ್ ಇನ್ನೊಬ್ಬನ ಗುರುತು. ಅದೇ ಬೆಲೆಗೆ ಪಕ್ಕದ ಬೀದಿಯವನೂ ಕೊಂಡಿರ್ತಾನೆ.

ಅವಳು: ಇದನ್ನ ಒಪ್ಪಿದೆ. ಆದರೆ ಒಂದು ಕಡಿಮೆ ರೇಟಿನ ಮದುವೆ ಪ್ಯಾಕೇಜ್ ಇದೆ. ಒಬ್ಬ ಫೋಟೋಗ್ರಾಫರ್, ಒಬ್ಬ ವಿಡಿಯೋದವ, ಒಂದು ಆಲ್ಬಂ. ಅದನ್ನ ಅಪ್ಪನ ಹೆಸರಲ್ಲಿ ಮಾಡಿದರೆ ದೊಡ್ಡ ಮದುವೆಯವರೂ ಅದೇ ರೇಟ್ ಕೇಳ್ತಾರೆ. ಅದಕ್ಕಾದರೂ ಬೇರೆ ಹೆಸರು ಕೊಡಿ. ಮಾರುತಿಯವರು 2015ರಲ್ಲಿ ನೆಕ್ಸಾ ಅಂತ ಬೇರೆ ಶೋರೂಂ ಮಾಡಿದ್ದು ಅದಕ್ಕೇ ತಾನೇ? ಕಾರು ಎರಡೂ ಕಡೆ ಮಾರುತಿಯದ್ದೇ.

ಅವರು: ನೆಕ್ಸಾದಲ್ಲಿ ಕಟ್ಟಡ ಬೇರೆ, ಕಾರಿನ ಮಾಡೆಲ್ ಬೇರೆ, ಮಾತಾಡಿಸೋರು ಬೇರೆ. ನೀನು ಕಳಿಸೋದು ಅದೇ ಓಮ್ನಿ, ಅದೇ ಟ್ರೈಪಾಡ್, ಅದೇ ಹುಡುಗರು. ದಾವಣಗೆರೆಯಲ್ಲಿ ಅಡುಗೆಯವರಿಂದ ಹಿಡಿದು ವಾಲಗದವರ ತನಕ ಎಲ್ಲರಿಗೂ ಗೊತ್ತು ಅವರು ಯಾರ ಕಡೆಯವರು ಅಂತ. ಮೂರನೇ ಮದುವೆಗೆ ಗುಟ್ಟು ಬಯಲು. ಆಮೇಲೆ ಕಡಿಮೆ ಕೊಟ್ಟೋರು ನಮಗೆ ಕಳಪೆ ಮಾಡಿದ್ರಾ ಅಂತಾರೆ, ಹೆಚ್ಚು ಕೊಟ್ಟೋರು ನಮ್ಮ ಹತ್ತಿರ ಸುಲಿಗೆ ಮಾಡಿದ್ರಾ ಅಂತಾರೆ.

ಅವಳು: ನೀವು ಬೋರ್ಡು ಬರೆದೋರು, ಹಾಗಾಗಿ ಒಂದು ಹೆಸರಿನ ಮೇಲೆ ಪ್ರೀತಿ. ರೇಟ್ ಹೇಳೋ ಕಷ್ಟ ನನ್ನದು. ಇದರಲ್ಲಿ ನಾನು ಒಪ್ಪಲ್ಲ.

ಅವರು: ಬೇಡ. ಮಾಡಿ ನೋಡು. ಲೋಗೋ ಮಾತ್ರ ನನ್ನ ಹತ್ತಿರ ಮಾಡಿಸಬೇಡ.

ಅವಳು: ಹಾಗಾದರೆ ಕುಕ್ಕರ್ ವಿಷಯ.

ಅವರು: ಅದು ಬೇರೆಯೇ ಜಾತಿ. ಅಲ್ಲಿ ನೀನು ಹೇಳಿದ್ದೇ ಸರಿ. ಅಪ್ಪನ ಹೆಸರೂ ಬೇಡ, ಕೆಳಗೆ ಸಣ್ಣಕ್ಷರವೂ ಬೇಡ.

ಅವಳು: ಇಷ್ಟು ಬೇಗ ಒಪ್ತೀರಿ ಅಂತ ಅಂದುಕೊಂಡಿರಲಿಲ್ಲ.

ಅವರು: ಕೊಳ್ಳೋನು ವ್ಯಾಪಾರಿ. ಅವನಿಗೆ ನಿಮ್ಮ ಮದುವೆ ಆಲ್ಬಂ ಕಟ್ಟಿಕೊಂಡು ಏನಾಗಬೇಕು? ಮದುವೆ ಫೋಟೋ ತೆಗೆಯೋರು ಅಂದ ಕೂಡಲೇ, ಮುಹೂರ್ತ ಇದ್ದ ದಿನ ಇವರು ಕೈಕೊಡ್ತಾರೆ ಅಂತ ಹೆದರ್ತಾನೆ. ಅವನಿಗೆ ಬೇಕಾದ್ದು ಹೇಳಿದ ದಿನಕ್ಕೆ ಫೈಲು, ಜಿಎಸ್‌ಟಿ ಬಿಲ್ಲು, ಹತ್ತನೇ ಕುಕ್ಕರೂ ಮೊದಲನೇದರ ಹಾಗೇ ಬರೋದು.

ಅವಳು: ನಿಜ. ಅಮೆಜಾನ್‌ನವರ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಅಪ್ಪಟ ಬಿಳಿ ಇರಬೇಕು, ಸರಕು ಚೌಕಟ್ಟಿನ ನೂರಕ್ಕೆ 85 ಭಾಗ ತುಂಬಬೇಕು. ಅಲ್ಲಿ ನನ್ನ ಕಲೆ ತೋರಿಸೋಕೆ ಜಾಗವೇ ಇಲ್ಲ. ಸೀರೆಯದ್ದು ಇನ್ನೂ ಕಷ್ಟ. ಪ್ರತಿ ಬೆಳಕಿಗೂ ಗ್ರೇ ಕಾರ್ಡ್ ಇಟ್ಟು ಅಳತೆ ತಗೋಬೇಕು. ನವಿಲುಗರಿ ಬಣ್ಣ ಫೋಟೋದಲ್ಲಿ ಬರೀ ನೀಲಿಯಾದರೆ ಕೊಂಡೋರು ಸೀರೆ ವಾಪಸ್ ಕಳಿಸ್ತಾರೆ, ಬೈಗುಳ ನನಗೆ. ಬೆಣ್ಣೆ ದೋಸೆ ಹೋಟೆಲಿನವರ ಮೆನು ಮಾಡಿದಾಗ ಬೇರೆ ಫಜೀತಿ. ಬೆಣ್ಣೆ ಕರಗಿ ಹರಿಯೋದು ಬೇಕು, ಪೂರ್ತಿ ಕರಗಿ ಎಣ್ಣೆ ಆಗಬಾರದು. ಒಂದು ಫೋಟೋಗೆ ಎಷ್ಟು ದೋಸೆ ಹುಯ್ಸಿದೆವೋ, ಹುಡುಗರು ತಿಂದು ಸಾಕು ಅಂದ್ರು.

ಅವರು: ಇನ್ನೊಂದು ಗಮನಿಸು. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಆದರೆ ಆಷಾಢದಲ್ಲೇ ಜವಳಿ ಅಂಗಡಿಯ ಡಿಸ್ಕೌಂಟ್ ಸೇಲು, ಅದರ ಬೆನ್ನಿಗೇ ಶ್ರಾವಣದ ಹೊಸ ಸರಕು. ನಿಮ್ಮ ಹುಡುಗರ ಸಂಬಳ ಆ ತಿಂಗಳು ಅಲ್ಲಿಂದ ಬರಬೇಕು. ಅದಕ್ಕೆ ಗಟ್ಟಿ ಹೆಸರು, ಬಿಳಿ ಕಪ್ಪು, ಅಲಂಕಾರ ಇಲ್ಲದ ಅಕ್ಷರ ಮಾಡಿಕೊಡ್ತೀನಿ. ಆದರೆ ಕಂಪನಿ ಬೇರೆ ಮಾಡೋಕೆ ಹೋಗಬೇಡ. ಹೆಸರು ಬೇರೆಯಾದ ಮಾತ್ರಕ್ಕೆ ಬ್ಯಾಂಕ್ ಖಾತೆ, ಜಿಎಸ್‌ಟಿ ನಂಬರ್ ಬೇರೆ ಆಗಬೇಕಿಲ್ಲ. ಆಡಿಟರನ್ನ ಒಂದು ಮಾತು ಕೇಳು.

ಅವಳು: ಬೋರ್ಡು?

ಅವರು: ಬೀದಿಗೆ ಒಂದೇ ಬೋರ್ಡು, ಅಪ್ಪನದ್ದು. ಕೂಸಿನ ಕೆಲಸಕ್ಕೆ ನೀನೇ ಮನೆಗೆ ಹೋಗ್ತೀಯ, ಸರಕಿನೋರು ಫೋನಿನಲ್ಲೇ ಬರ್ತಾರೆ. ಆ ಎರಡಕ್ಕೆ ಬೋರ್ಡು ಯಾಕೆ? ಅಪ್ಪನದ್ದನ್ನ ಹೇಗಿದ್ದರೂ ಹೊಸದಾಗಿ ಮಾಡಬೇಕು. ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದ ಮೇಲೆ ಬೋರ್ಡಿನ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಊರಿನವರೆಲ್ಲ ಇಂಗ್ಲಿಷಿನಲ್ಲಿ ಲೋಗೋ ಮಾಡಿಸಿ, ಆಮೇಲೆ ಅದರ ಮೇಲೆ ಕನ್ನಡವನ್ನ ಎಳೆದು ಚಪ್ಪಟೆ ಮಾಡಿ ತುರುಕ್ತಿದ್ದಾರೆ. ನೋಡೋಕೆ ಸಂಕಟ ಆಗುತ್ತೆ.

ಅವಳು: ಕನ್ನಡದಲ್ಲಿ ಲೋಗೋ ಮಾಡೋದು ಕಷ್ಟ ಅಂತ ಬೆಂಗಳೂರಿನ ಡಿಸೈನರ್ ಹೇಳಿದರು.

ಅವರು: ಕಷ್ಟ ಅಲ್ಲ, ಲೆಕ್ಕ ಬೇರೆ. ಇಂಗ್ಲಿಷ್ ಅಕ್ಷರ ಒಂದು ಸಾಲಿನಲ್ಲಿ ಕೂರುತ್ತೆ. ನಮ್ಮದಕ್ಕೆ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ‘ಸ್ಟುಡಿಯೋ’ ಅಂತ ಬರೆದ ಕೂಡಲೇ ಟ-ಒತ್ತು ಕೆಳಗೆ ಇಳೀತು, ಸಾಲಿಗೆ ಎತ್ತರ ಬೇಕಾಯ್ತು. ವಾಟ್ಸಾಪಿನ ಡಿಪಿ ಗುಂಡಗೆ ಇರುತ್ತೆ. ಅಲ್ಲಿ ಅಪ್ಪನ ಉದ್ದದ ಹೆಸರು ಹಾಕಿದರೆ ಇರುವೆ ಸಾಲು. ಅದಕ್ಕೆ ಒಂದೇ ಅಕ್ಷರ ತೆಗೆದುಕೊಂಡು ಗುರುತು ಮಾಡಬೇಕು. ನಮ್ಮ ಅಕ್ಷರಗಳೇ ದುಂಡಗಿವೆ, ಗುಂಡಿನೊಳಗೆ ಕೂರೋಕೆ ಹೇಳಿ ಮಾಡಿಸಿದ ಹಾಗೆ. ಹಿಂದೆ ನಾನು ಕುಂಚದಲ್ಲಿ ಬರೆದದ್ದರ ಫೋಟೋ ಇದೆಯಾ ನಿಮ್ಮಲ್ಲಿ?

ಅವಳು: ನೆಗೆಟಿವ್ ಹುಡುಕಬೇಕು.

ಅವರು: ಹುಡುಕು. ಆ ಕೈಬರಹದಿಂದಲೇ ಮದುವೆಯದ್ದು ಮಾಡೋಣ. ಸರಕಿನದ್ದಕ್ಕೆ ಸಿದ್ಧ ಫಾಂಟ್ ಸಾಕು. ಅನೆಕ್ ಕನ್ನಡ, ನೋಟೋ ಸ್ಯಾನ್ಸ್, ಇವೆಲ್ಲ ಪುಕ್ಕಟೆ ಸಿಗ್ತವೆ, ಲೋಗೋಗೆ ಬಳಸೋಕೂ ಪರವಾನಗಿ ಇದೆ. ಕೂಸಿನದ್ದಕ್ಕೆ ಮಾತ್ರ ನಾನೇ ಬರೀತೀನಿ.

ಅವಳು: ಹೆಸರನ್ನ ರಿಜಿಸ್ಟರ್ ಮಾಡಿಸಬೇಕಾ? ಅಪ್ಪನದ್ದು ಮಾಡಿಸಿಲ್ಲ.

ಅವರು: ಅಪ್ಪನದ್ದು ದೇವರ ಹೆಸರು. ಅದರ ಮೇಲೆ ಒಬ್ಬರೇ ಹಕ್ಕು ಸಾಧಿಸೋದು ಕಷ್ಟ. ಅಗರಬತ್ತಿಗೆ ‘ರಾಮಾಯಣ’ ಅನ್ನೋ ಹೆಸರನ್ನ ತಮ್ಮದೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳೋಕೆ ಹೋದೋರಿಗೆ ಸುಪ್ರೀಂ ಕೋರ್ಟ್ 2015ರಲ್ಲಿ ಆಗಲ್ಲ ಅಂದಿತು. ಬರೀ ‘ಮದುವೆ ಫೋಟೋ’ ಅನ್ನೋ ಥರದ ಹೆಸರಿಗೂ ಸಿಗಲ್ಲ, ಅದು ಕೆಲಸದ ವರ್ಣನೆ ಅಷ್ಟೇ. ಹೊಸ ಎರಡು ಹೆಸರಿಗೆ ಮಾಡಿಸು. ಸ್ವಂತ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಹತ್ತು ವರ್ಷಕ್ಕೆ ಬರುತ್ತೆ, ಆಮೇಲೆ ನವೀಕರಣ. ನೋಂದಣಿ ಆಗೋ ತನಕ ವೃತ್ತದೊಳಗಿನ ಆರ್ ಅಕ್ಷರ ಹಾಕೋ ಹಾಗಿಲ್ಲ, ಬರೀ ಟಿಎಂ.

ಅವಳು: ಹಾಗಾದರೆ ಸರಕಿನದ್ದಕ್ಕೆ ಹೆಸರು ಇವತ್ತೇ ಹುಡುಕೋಣ. ನನ್ನ ತಲೆಯಲ್ಲಿ ನಾಲ್ಕಿವೆ.

ಅವರು: ಹೇಳಬೇಡ, ಹೇಳಿದರೆ ಇಷ್ಟವಾಗಿಬಿಡುತ್ತೆ. ಮೊದಲು ಟ್ರೇಡ್‌ಮಾರ್ಕ್ ಸೈಟ್ ತೆಗೆದು 41ನೇ ವರ್ಗದಲ್ಲಿ ಹುಡುಕು, ಫೋಟೋ ಕೆಲಸ ಬರೋದು ಅಲ್ಲಿ. ನಾಲ್ಕರಲ್ಲಿ ಎಷ್ಟು ಉಳೀತು ಅಂತ ಹೇಳು. ಅಷ್ಟರಲ್ಲಿ ಹುಡುಗನಿಗೆ ಎರಡು ಚಹಾ ಹೇಳು, ಫೋನ್ ಹೇಗೆ ಎತ್ತಬೇಕು ಅಂತಲೂ ಹೇಳಿಕೊಡ್ತೀನಿ.